ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ: ಜಾನಿ ವಿಲ್ಕಿನ್ಸನ್‌ನ ಮೊದಲ ವರ್ಷಗಳು

ಅಧ್ಯಕ್ಷರೇ, ಸಭಿಕ ಮಿತ್ರರೇ,

1998ರ ಜೂನ್ 6ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಒಂದು ರಗ್ಬಿ ಟೆಸ್ಟ್ ಪಂದ್ಯ ನಡೆಯಿತು. ಆಸ್ಟ್ರೇಲಿಯಾ 76, ಇಂಗ್ಲೆಂಡ್ 0. ಇಂಗ್ಲೆಂಡ್ ತಂಡ ತನ್ನ ಇತಿಹಾಸದಲ್ಲಿ ಇಷ್ಟು ದೊಡ್ಡ ಸೋಲನ್ನು ಅದುವರೆಗೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಆ ದಿನ ಇಂಗ್ಲೆಂಡಿನ 10ನೇ ಸಂಖ್ಯೆಯ ಅಂಗಿ ತೊಟ್ಟು ತಂಡದ ಆಟ ನಡೆಸಬೇಕಾಗಿದ್ದ ಹುಡುಗನಿಗೆ ಹತ್ತೊಂಬತ್ತು ತುಂಬಿ ಹನ್ನೆರಡು ದಿನಗಳಾಗಿದ್ದವು. ಇದಾಗಿ ಎರಡು ವರ್ಷಗಳ ಮೇಲೆ, 2000ದ ಜೂನ್ 24ರಂದು, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ ಇಂಗ್ಲೆಂಡ್ 27-22ರಿಂದ ಗೆದ್ದಿತು. ಆ ಇಪ್ಪತ್ತೇಳೂ ಅಂಕಗಳನ್ನು ಗಳಿಸಿದವನು ಅದೇ ಹುಡುಗ. ಈ ಎರಡು ಪಂದ್ಯಗಳ ನಡುವೆ ಏನಾಯಿತು, ಅದಕ್ಕೂ ಮೊದಲು ಏನಾಗಿತ್ತು ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ಹುಡುಗನ ಹೆಸರು ಜಾನಿ ವಿಲ್ಕಿನ್ಸನ್. ಕಥೆಯೆಲ್ಲ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತರ ವಯಸ್ಸಿನದ್ದಾದ್ದರಿಂದ ಅವನನ್ನು ಏಕವಚನದಲ್ಲೇ ಕರೆಯುತ್ತೇನೆ. ಅವನ ಗುರುಗಳ ಮಾತು ಬಂದಾಗ ಬಹುವಚನ ತಾನಾಗಿಯೇ ಬರುತ್ತದೆ.

ರಗ್ಬಿ ಯೂನಿಯನ್ ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಒಂದೊಂದು ತಂಡದಲ್ಲಿ ಹದಿನೈದು ಜನ. ಚೆಂಡನ್ನು ಎದುರಾಳಿಯ ಗೆರೆಯ ಆಚೆ ನೆಲಕ್ಕೆ ತಾಗಿಸಿದರೆ ಅದು ಟ್ರೈ, ಅದಕ್ಕೆ ಐದು ಅಂಕ. ಟ್ರೈ ಆದ ಮೇಲೆ ಚೆಂಡನ್ನು ನೆಲದಲ್ಲಿಟ್ಟು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹಾರುವಂತೆ ಒದ್ದರೆ ಅದು ಕನ್ವರ್ಷನ್, ಇನ್ನೆರಡು ಅಂಕ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿಗೆ ಮೂರು. ಆಟ ನಡೆಯುತ್ತಿರುವಾಗಲೇ ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು, ಅದು ಪುಟಿಯುವ ಕ್ಷಣಕ್ಕೆ ಒದ್ದು ಕಂಬಗಳ ನಡುವೆ ಕಳಿಸಿದರೆ ಅದು ಡ್ರಾಪ್ ಗೋಲ್, ಅದಕ್ಕೂ ಮೂರು. ಮೂವತ್ತು ಜನರ ನೂಕಾಟ, ತಳ್ಳಾಟದ ಆಟದಲ್ಲಿ ಪೆನಾಲ್ಟಿ ಒದೆಯುವ ಹೊತ್ತಿಗೆ ಮಾತ್ರ ಎಲ್ಲವೂ ನಿಂತುಬಿಡುತ್ತದೆ. ಇಡೀ ಕ್ರೀಡಾಂಗಣ ಒಬ್ಬನನ್ನೇ ನೋಡುತ್ತಿರುತ್ತದೆ. ಆ ಒಬ್ಬ ಸಾಮಾನ್ಯವಾಗಿ ಫ್ಲೈ-ಹಾಫ್, ಅಂದರೆ 10ನೇ ಅಂಗಿಯವನು. ಚೆಂಡು ಯಾವ ಕಡೆಗೆ ಹೋಗಬೇಕು, ಓಡಬೇಕೋ ಒದೆಯಬೇಕೋ ಎಂದು ಪ್ರತಿ ಸಲವೂ ನಿರ್ಧರಿಸುವವನೂ ಅವನೇ.

ಈಗ ಕಾಲದ ಮಾತು. ವಿಲ್ಕಿನ್ಸನ್ ಹುಟ್ಟಿದ್ದು 1979ರ ಮೇ 25ರಂದು, ಸರೇ ಪ್ರಾಂತ್ಯದ ಫ್ರಿಮ್ಲಿಯಲ್ಲಿ. ಅವನು ಹುಟ್ಟಿದ ಕಾಲಕ್ಕೆ, ಅವನು ಚಿಕ್ಕಂದಿನಲ್ಲಿ ಫಾರ್ನ್ಹಮ್ ಕ್ಲಬ್ಬಿನ ಎಳೆಯರ ಗುಂಪಿನಲ್ಲಿ ಆಡುತ್ತಿದ್ದ ಕಾಲಕ್ಕೆ, ರಗ್ಬಿ ಯೂನಿಯನ್ ಆಡಿ ದುಡ್ಡು ಪಡೆಯುವುದು ನಿಷಿದ್ಧವಾಗಿತ್ತು. ಇಂಗ್ಲೆಂಡ್ ತಂಡದ ದೊಡ್ಡ ದೊಡ್ಡ ಹೆಸರುಗಳೆಲ್ಲ ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಆಡುತ್ತಿದ್ದರು. ವೇಡ್ ಡೂಲಿ ಪೊಲೀಸ್ ಇಲಾಖೆಯಲ್ಲಿದ್ದರು, ಬ್ರಯನ್ ಮೂರ್ ವಕೀಲಿ ಮಾಡುತ್ತಿದ್ದರು, ರೋರಿ ಅಂಡರ್‌ವುಡ್ ವಾಯುಪಡೆಯ ವಿಮಾನ ಹಾರಿಸುತ್ತಿದ್ದರು, ಫ್ಲೈ-ಹಾಫ್ ರಾಬ್ ಆಂಡ್ರ್ಯೂ ಆಸ್ತಿಪಾಸ್ತಿಗಳ ಸರ್ವೇ ಮತ್ತು ಮೌಲ್ಯಮಾಪನದ ವೃತ್ತಿಯಲ್ಲಿದ್ದರು. 1995ರ ಆಗಸ್ಟ್ ತಿಂಗಳ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಮಂಡಳಿ ಈ ನಿಷೇಧವನ್ನು ತೆಗೆದುಹಾಕಿತು. ವಿಲ್ಕಿನ್ಸನ್‌ಗೆ ಆಗ ಹದಿನಾರು. ಅವನಿಗಿಂತ ನಾಲ್ಕು ವರ್ಷ ದೊಡ್ಡವನಿಗೆ ಮೊದಲು ಕಾಲೇಜು, ಆಮೇಲೆ ನೌಕರಿ, ಜೊತೆಗೆ ಆಟ ಎಂಬ ಹಳೆಯ ದಾರಿಯೇ ಕಣ್ಣಮುಂದಿತ್ತು. ಇಂಗ್ಲೆಂಡಿನಲ್ಲಿ ಶಾಲೆಯ ಗೇಟಿನಿಂದ ನೇರವಾಗಿ ರಗ್ಬಿಯ ಸಂಬಳಕ್ಕೆ ನಡೆದುಹೋದ ಮೊದಲ ಪೀಳಿಗೆ ಇವನದು.

ಹಣ ಬಂತು ಎಂದಾಗ ನಾವು ಸಂಬಳದ ಲೆಕ್ಕ ಹಾಕುತ್ತೇವೆ. ನನ್ನ ಪ್ರಕಾರ ಈ ಹುಡುಗನಿಗೆ ವೃತ್ತಿಪರ ಆಟ ಕೊಟ್ಟ ಮುಖ್ಯ ವಸ್ತು ಹಣವಲ್ಲ, ಹೊತ್ತು. ಬೆಳಗಿನಿಂದ ಸಂಜೆಯವರೆಗೆ ಒಂದೇ ಕೆಲಸವನ್ನು ಮಾಡಲು ಸಿಕ್ಕ ಹೊತ್ತು ಮತ್ತು ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ನೋಡುವ ಗುರು. ಆದರೆ ಸಂಜೆ ಐದಕ್ಕೆ ಬಾಗಿಲು ಹಾಕಿ ಮನೆಗೆ ಹೋಗು ಎಂದು ಹೇಳುವ ಇನ್ನೊಂದು ಬದುಕನ್ನು ಅದೇ ಆಟ ಅವನಿಂದ ತೆಗೆದುಕೊಂಡಿತು. ‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬ ನಮ್ಮ ಗಾದೆಯನ್ನು ನಾವು ಮಕ್ಕಳಿಗೆ ಹೇಳುವಾಗ ಮೊದಲ ಅರ್ಧವನ್ನಷ್ಟೇ ಹೇಳಿ ನಿಲ್ಲಿಸುತ್ತೇವೆ. ವಿಲ್ಕಿನ್ಸನ್‌ನ ಮೊದಲ ವರ್ಷಗಳಿಗೆ ಎರಡೂ ಅರ್ಧಗಳು ಬೇಕು.

ಅವನು ಓದಿದ್ದು ಹ್ಯಾಂಪ್‌ಶೈರ್‌ನ ಲಾರ್ಡ್ ವಾಂಡ್ಸ್‌ವರ್ತ್ ಕಾಲೇಜಿನಲ್ಲಿ. ಹೆಸರಿನಲ್ಲಿ ಕಾಲೇಜು ಇದ್ದರೂ ಅದು ವಸತಿ ಶಾಲೆ. ಅಲ್ಲಿ ಸ್ಟೀವ್ ಬೇಟ್ಸ್ ಎಂಬ ಮೇಷ್ಟ್ರಿದ್ದರು. ಅವರು ಲಂಡನ್ನಿನ ವಾಸ್ಪ್ಸ್ ಕ್ಲಬ್ಬಿನಲ್ಲಿ ಸ್ಕ್ರಮ್-ಹಾಫ್ ಆಗಿ ಆಡುತ್ತಿದ್ದವರು, ಎಂದರೆ ಗುಂಪಿನೊಳಗಿಂದ ಚೆಂಡು ತೆಗೆದು ಫ್ಲೈ-ಹಾಫ್‌ಗೆ ಎಸೆಯುವವರು. ಅವರ ಎಸೆತವನ್ನು ಹಿಡಿಯುತ್ತಿದ್ದವರು ಅದೇ ರಾಬ್ ಆಂಡ್ರ್ಯೂ. 1995ರಲ್ಲಿ ನ್ಯೂಕ್ಯಾಸಲ್‌ನ ಫುಟ್‌ಬಾಲ್ ಕ್ಲಬ್ಬಿನ ಒಡೆಯ ಸರ್ ಜಾನ್ ಹಾಲ್ ಅದೇ ಊರಿನ ರಗ್ಬಿ ಕ್ಲಬ್ಬನ್ನೂ ಕೊಂಡುಕೊಂಡು, ಅದನ್ನು ಕಟ್ಟುವ ಹೊಣೆಯನ್ನು ಆಂಡ್ರ್ಯೂ ಅವರಿಗೆ ವಹಿಸಿದಾಗ, ಆಂಡ್ರ್ಯೂ ತಮ್ಮ ಹಳೆಯ ಜೊತೆಗಾರ ಬೇಟ್ಸ್ ಅವರನ್ನೂ ಉತ್ತರಕ್ಕೆ ಕರೆಸಿಕೊಂಡರು. ಬೇಟ್ಸ್ ಅವರಿಗೆ ತಾವು ಬಿಟ್ಟು ಬಂದ ಶಾಲೆಯಲ್ಲಿ ಎಡಗಾಲಿನಿಂದ ಒದೆಯುವ ಹುಡುಗನೊಬ್ಬ ಇದ್ದಾನೆಂಬುದು ಮರೆತಿರಲಿಲ್ಲ. ದೊಡ್ಡ ಅವಕಾಶ ಎನ್ನುವುದು ಎಷ್ಟೋ ಸಲ ಹೀಗೆ ಒಬ್ಬ ಮೇಷ್ಟ್ರ ನೆನಪಿನಲ್ಲಿ ಉಳಿದುಕೊಂಡಿರುತ್ತದೆ. 1997ರಲ್ಲಿ ಶಾಲೆ ಮುಗಿಯಿತು. ಡರ್ಹಮ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿದ್ದ ಸೀಟನ್ನು ಬಿಟ್ಟು ಹುಡುಗ ನ್ಯೂಕ್ಯಾಸಲ್ ಫಾಲ್ಕನ್ಸ್ ಸೇರಿದ.

ಆ ಕ್ಲಬ್ ಆಗಷ್ಟೇ ಎರಡನೇ ಡಿವಿಷನ್ನಿನಿಂದ ಮೇಲೇರಿ ಬಂದಿತ್ತು. ಸರ್ ಜಾನ್ ಹಾಲ್ ಅವರ ಹಣದಿಂದ ಜಗತ್ತಿನ ನಾನಾ ಮೂಲೆಗಳ ಆಟಗಾರರು ಅಲ್ಲಿಗೆ ಬಂದಿದ್ದರು. ಸಮೋವಾದ ಇಂಗಾ ಟುಯಿಗಮಾಲ ಮತ್ತು ಪ್ಯಾಟ್ ಲಾಮ್, ಸ್ಕಾಟ್ಲೆಂಡಿನ ಗ್ಯಾರಿ ಆರ್ಮ್‌ಸ್ಟ್ರಾಂಗ್ ಮತ್ತು ಡಾಡಿ ವಿಯರ್, ಇಂಗ್ಲೆಂಡಿನ ಡೀನ್ ರಯನ್ ಎಲ್ಲರೂ ಒಂದೇ ಕೊಠಡಿಯಲ್ಲಿ ಬೂಟು ಕಟ್ಟುತ್ತಿದ್ದರು. ಮೇಲಿನ ಡಿವಿಷನ್ನಿನ ಮೊದಲ ಋತುವಿನಲ್ಲೇ, 1998ರ ಮೇ ತಿಂಗಳಲ್ಲಿ, ಸಾರಸೆನ್ಸ್ ತಂಡಕ್ಕಿಂತ ಒಂದೇ ಒಂದು ಅಂಕ ಮುಂದಿದ್ದು ಅವರು ಲೀಗ್ ಗೆದ್ದರು. 10ನೇ ಅಂಗಿ ಇನ್ನೂ ಆಂಡ್ರ್ಯೂ ಅವರ ಮೈಮೇಲೇ ಇತ್ತು. ಹುಡುಗ ಬದಲಿ ಆಟಗಾರರ ಬೆಂಚಿನಲ್ಲಿ ಕಾದ, ಕರೆ ಬಂದಾಗ ಆಂಡ್ರ್ಯೂ ಅವರ ಪಕ್ಕದ ಒಳ ಸೆಂಟರ್ ಸ್ಥಾನದಲ್ಲಿ, ಅಂದರೆ 12ನೇ ಅಂಗಿಯಲ್ಲಿ ಆಡಿದ. ತಾನು ಮುಂದೆ ಕೂರಬೇಕಾದ ಕುರ್ಚಿಯಲ್ಲಿ ಕುಳಿತವರ ಪಕ್ಕದಲ್ಲೇ ನಿಂತು, ಅವರು ಯಾವಾಗ ತಲೆ ಎತ್ತಿ ನೋಡುತ್ತಾರೆ, ಯಾವಾಗ ಕೂಗಿ ಹೇಳುತ್ತಾರೆ, ಯಾವಾಗ ಸುಮ್ಮನಿರುತ್ತಾರೆ ಎಂಬುದನ್ನು ಕೆಲವೇ ಗಜಗಳ ದೂರದಿಂದ ನೋಡುತ್ತ ಕಲಿಯುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಸಂಗೀತಗಾರರ ಮನೆಗಳಲ್ಲಿ ಹಿಂದೆ ಕುಳಿತು ತಂಬೂರಿ ಮೀಟುವ ಶಿಷ್ಯನ ಕಲಿಕೆ ಇದು. ಪಾಠವೆಂದು ಯಾರೂ ಹೇಳದೇ ಆಗುವ ಪಾಠ.

ಒದೆಯುವ ವಿದ್ಯೆಗೆ ಬೇರೆ ಗುರು ಇದ್ದರು. ಡೇವ್ ಆಲ್ರೆಡ್ ಅವರಿಗೆ ಕಾಲಿನಿಂದ ಚೆಂಡು ಒದೆಯುವುದೊಂದೇ ವಿಷಯ, ಅದೇ ಅವರ ವೃತ್ತಿ. ವಿಲ್ಕಿನ್ಸನ್ ಶಾಲೆಯಲ್ಲಿದ್ದಾಗಲೇ ಅವರ ಕೈಗೆ ಸಿಕ್ಕಿದ್ದ. ಇಲ್ಲಿ ಸ್ವಲ್ಪ ಹತ್ತಿರ ಹೋಗಿ ನೋಡೋಣ, ಏಕೆಂದರೆ ಮುಂದೆ ಜಗತ್ತೆಲ್ಲ ಗುರುತಿಸಿದ ಆ ಭಂಗಿ ಈ ಕಲಿಕೆಯದೇ. ಚೆಂಡನ್ನು ಟೀ ಎಂಬ ಸಣ್ಣ ಪ್ಲಾಸ್ಟಿಕ್ ಬಟ್ಟಲಿನ ಮೇಲೆ ನಿಲ್ಲಿಸುತ್ತಾನೆ. ಎಣಿಸಿದ ಹೆಜ್ಜೆಗಳಷ್ಟು ಹಿಂದಕ್ಕೆ, ಆಮೇಲೆ ಪಕ್ಕಕ್ಕೆ ಸರಿಯುತ್ತಾನೆ. ಮಂಡಿ ತುಸು ಬಾಗುತ್ತದೆ, ಸೊಂಟ ಹಿಂದಕ್ಕೆ ಹೋಗುತ್ತದೆ, ಎರಡೂ ಅಂಗೈಗಳು ಎದೆಯ ಮುಂದೆ ಒಂದರೊಳಗೊಂದು ಸೇರಿಕೊಳ್ಳುತ್ತವೆ. ದೂರದಿಂದ ನೋಡಿದವರಿಗೆ ಪ್ರಾರ್ಥನೆಯಂತೆ ಕಾಣುತ್ತದೆ. ಆದರೆ ಅವನಿಗೆ ಅದು ಹೊರಗಿನ ಗದ್ದಲವನ್ನು ಹೊರಗೇ ಇಡುವ ಬಾಗಿಲು. ತಲೆ ಎತ್ತಿ ಕಂಬ, ತಗ್ಗಿಸಿ ಚೆಂಡು, ಮತ್ತೆ ಕಂಬ, ಮತ್ತೆ ಚೆಂಡು. ಆಮೇಲೆ ಎಡಗಾಲಿನ ಮೇಲ್ಭಾಗದ ಗಟ್ಟಿ ಮೂಳೆ ಚೆಂಡಿಗೆ ತಾಗುತ್ತದೆ. ಬೆರಳ ತುದಿಯಲ್ಲ.

ಕಂಬಗಳ ನಡುವಿನ ಅಂತರ 5.6 ಮೀಟರ್. ಅಷ್ಟಗಲದ ಜಾಗದಲ್ಲಿ ಎಲ್ಲಿ ಹೋದರೂ ಅಂಕ ಸಿಗುತ್ತದೆ. ಆದರೆ ‘ಎಲ್ಲಾದರೂ ಹೋಗಲಿ’ ಎಂದು ಒದ್ದವನ ಚೆಂಡು ಎಲ್ಲಿಗಾದರೂ ಹೋಗುತ್ತದೆ. ಅದಕ್ಕಾಗಿ ಆಲ್ರೆಡ್ ಮತ್ತು ವಿಲ್ಕಿನ್ಸನ್ ಕಂಬಗಳ ಹಿಂದಿನ ಪ್ರೇಕ್ಷಕರ ಸಾಲಿನಲ್ಲಿ ಡೋರಿಸ್ ಎಂಬ ಹೆಂಗಸನ್ನು ಕೂರಿಸಿದರು. ಆಕೆ ಬರೀ ಕಲ್ಪನೆ. ಆಕೆಯ ಕೈಯಲ್ಲೊಂದು ತಂಪು ಪಾನೀಯದ ಡಬ್ಬಿ. ಒದೆಯುವವನ ಕೆಲಸ ಕಂಬಗಳ ನಡುವೆ ಚೆಂಡು ಕಳಿಸುವುದಲ್ಲ, ಡೋರಿಸಳ ಕೈಯ ಡಬ್ಬಿ ಬೀಳಿಸುವುದು. ಐದೂವರೆ ಮೀಟರಿನ ಗುರಿಯನ್ನು ಒಂದು ಗೇಣಿಗೆ ಇಳಿಸಿಕೊಂಡರೆ, ಆ ಗೇಣಿಗೆ ಎರಡು ಮೊಳ ತಪ್ಪಿದರೂ ಚೆಂಡು ಒಳಗೇ ಇರುತ್ತದೆ. ಈ ಉಪಾಯದ ವಿಷಯ ತಿಳಿದಾಗ ನಾನು ನಕ್ಕಿದ್ದೆ. ಆಮೇಲೆ ಯೋಚಿಸಿದಾಗ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ.

ಇಂಗ್ಲೆಂಡ್ ಅಂಗಿ ಬೇಗನೇ ಬಂತು, ಅತಿ ಬೇಗ ಎಂದೇ ಹೇಳಬೇಕು. 1997ರಲ್ಲಿ ತಂಡದ ಹೊಣೆ ಹೊತ್ತಿದ್ದ ಕ್ಲೈವ್ ವುಡ್‌ವರ್ಡ್ 1998ರ ಏಪ್ರಿಲ್ 4ರಂದು ಟ್ವಿಕನ್‌ಹ್ಯಾಮ್‌ನಲ್ಲಿ ಐರ್ಲೆಂಡ್ ವಿರುದ್ಧದ ಪಂದ್ಯದ ಕೊನೆಯ ನಿಮಿಷಗಳಲ್ಲಿ ಮೈಕ್ ಕ್ಯಾಟ್ ಅವರ ಬದಲಿಗೆ ವಿಲ್ಕಿನ್ಸನ್‌ನನ್ನು ಅಂಗಳಕ್ಕೆ ಇಳಿಸಿದರು. ಅವನಿಗೆ ಆಗ 18 ವರ್ಷ 314 ದಿನ. 1927ರಿಂದೀಚೆಗೆ ಅಷ್ಟು ಎಳೆಯ ಆಟಗಾರ ಇಂಗ್ಲೆಂಡಿಗೆ ಆಡಿರಲಿಲ್ಲ. ಪಂದ್ಯ 35-17ರಿಂದ ಗೆದ್ದಾಗಿತ್ತು, ಆ ದಿನ ಅವನು ಮಾಡಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ಎರಡು ತಿಂಗಳ ನಂತರ ಬ್ರಿಸ್ಬೇನ್. ಹಿರಿಯ ಆಟಗಾರರಲ್ಲಿ ಬಹಳ ಮಂದಿ ಗಾಯ, ದಣಿವು ಎಂದು ಆ ಪ್ರವಾಸಕ್ಕೆ ಹೋಗಲಿಲ್ಲ. ವುಡ್‌ವರ್ಡ್ ಎಳೆಯರನ್ನು, ಹೊಸಬರನ್ನು ಕಟ್ಟಿಕೊಂಡು ಹೊರಟರು. ಆಸ್ಟ್ರೇಲಿಯಾ ಹನ್ನೊಂದು ಟ್ರೈ ಗಳಿಸಿತು. ಅದರಲ್ಲಿ ಮೂರು ಸ್ಟೀಫನ್ ಲಾರ್ಕಮ್‌ನದು, ಎಂದರೆ ವಿಲ್ಕಿನ್ಸನ್‌ನ ಎದುರಿಗೆ ಅದೇ 10ನೇ ಅಂಗಿ ತೊಟ್ಟು ನಿಂತಿದ್ದವನದು. ಇಂಗ್ಲೆಂಡಿನ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಎರಡು ವಾರ ಕಳೆದು ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ 64-22ರ ಸೋಲು, ಅಲ್ಲಿ ವಿಲ್ಕಿನ್ಸನ್‌ಗೆ ಪೆಟ್ಟೂ ಆಯಿತು. ಆಮೇಲೆ ಆಕ್ಲೆಂಡ್, ಕೇಪ್‌ಟೌನ್‌ಗಳಲ್ಲೂ ತಂಡ ಸೋತಿತು. ಇಂಗ್ಲೆಂಡಿನ ಪತ್ರಿಕೆಗಳು ಈ ಪ್ರವಾಸಕ್ಕೆ ‘ನರಕಯಾತ್ರೆ’ ಎಂಬ ಅರ್ಥದ ಹೆಸರಿಟ್ಟವು, ಆ ಹೆಸರು ಇಂದಿಗೂ ಉಳಿದಿದೆ.

ಆ ಪಂದ್ಯ ಅವನೊಳಗೆ ಏನು ಮಾಡಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇನ್ನೂ ಹಿಂದಕ್ಕೆ ಹೋಗಬೇಕು. ಚಿಕ್ಕ ಹುಡುಗನಾಗಿದ್ದಾಗಲೇ ಪಂದ್ಯದ ದಿನ ಆತಂಕದಿಂದ ಹೊಟ್ಟೆ ತೊಳಸುತ್ತಿತ್ತು, ತಪ್ಪು ಮಾಡಿಬಿಟ್ಟರೆ ಎಂಬ ಭಯ ಬಿಡುತ್ತಿರಲಿಲ್ಲ ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಬ್ರಿಸ್ಬೇನ್ ಆ ಭಯವನ್ನು ಹುಟ್ಟಿಸಲಿಲ್ಲ, ಅದು ಸುಳ್ಳಲ್ಲ ಎಂದು ತೋರಿಸಿಕೊಟ್ಟಿತು ಅಷ್ಟೇ. ಇಂಥ ಸೋಲಿನಿಂದ ಎದ್ದು ಬಂದವರ ಕಥೆಯನ್ನು ನಾವು ಛಲದ ಕಥೆಯಾಗಿ ಹೇಳಿ ಚಪ್ಪಾಳೆ ತಟ್ಟುತ್ತೇವೆ. ವಿಲ್ಕಿನ್ಸನ್‌ನಲ್ಲಿ ಛಲವಿತ್ತು, ಸಂದೇಹವಿಲ್ಲ. ಆದರೆ ನ್ಯೂಕ್ಯಾಸಲ್‌ಗೆ ಮರಳಿ ಅಭ್ಯಾಸದ ಅಂಗಳಕ್ಕೆ ಇಳಿದವನನ್ನು ಅಲ್ಲೇ ಹಿಡಿದಿಟ್ಟದ್ದು ಛಲವೊಂದೇ ಎಂದು ನನಗೆ ಅನ್ನಿಸುವುದಿಲ್ಲ. ತಂಡದ ಅಭ್ಯಾಸ ಮುಗಿದು ಎಲ್ಲರೂ ಸ್ನಾನಕ್ಕೆ ಹೋದ ಮೇಲೆ ಅವನ ಅಭ್ಯಾಸ ಶುರುವಾಗುತ್ತಿತ್ತು. ಕೊನೆಗೆ ಒಂದರ ಹಿಂದೆ ಒಂದರಂತೆ ಆರು ಒದೆತಗಳು ಮನಸ್ಸಿಗೆ ಒಪ್ಪುವಂತೆ ಆಗಬೇಕು, ಆರನೆಯದು ಕೆಟ್ಟರೆ ಮತ್ತೆ ಒಂದರಿಂದ ಎಣಿಕೆ. ಮಳೆ ಬಂದರೂ, ಕತ್ತಲಾದರೂ, ಕ್ರಿಸ್‌ಮಸ್ ಹಬ್ಬದ ದಿನವಾದರೂ ಇದೇ ಲೆಕ್ಕ. ಎಡಗಾಲಿನಷ್ಟೇ ಬಲಗಾಲನ್ನೂ ಪಳಗಿಸಿದ.

ಉಪನ್ಯಾಸದ ದಿನ ಈ ಹಂತದಲ್ಲಿ ಸಭೆಯಿಂದ ಹಿರಿಯರೊಬ್ಬರು, ‘ಇದನ್ನು ಸಾಧನೆ ಎನ್ನಬೇಕೋ, ಕಾಯಿಲೆ ಎನ್ನಬೇಕೋ?’ ಎಂದು ಕೇಳಿದರು. ಆಗ ನಾನು ಸಾಧನೆ ಎಂದೇ ಉತ್ತರ ಕೊಟ್ಟೆ. ಈಗ ಆ ಉಪನ್ಯಾಸವನ್ನು ಬರಹಕ್ಕೆ ಇಳಿಸುವಾಗ ಆ ಉತ್ತರವನ್ನು ತಿದ್ದುತ್ತಿದ್ದೇನೆ. ಸಂಗೀತದ ಸಾಧಕನಿಗೆ ಒಂದು ಸ್ವರ ಸರಿಯಾಗಿ ನಿಂತರೆ ಆ ಹೊತ್ತಿಗಾದರೂ ನೆಮ್ಮದಿ ಸಿಗುತ್ತದೆ. ಈ ಹುಡುಗನಿಗೆ ಆರು ಒದೆತ ಸರಿಯಾಗಿ ಬಿದ್ದರೆ ಸಿಗುತ್ತಿದ್ದದ್ದು ಮಾರನೆಯ ಬೆಳಗಿನವರೆಗಿನ ವಿರಾಮ ಮಾತ್ರ. ಮುಂದಿನ ವರ್ಷಗಳಲ್ಲಿ ಅವನು ತನ್ನ ಮನಸ್ಸಿನ ಬೇಗೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತನಾಡಿದ್ದಾನೆ. ಅದರ ಬೇರು ಈ ಒಂಟಿ ಸಂಜೆಗಳಲ್ಲೇ ಇತ್ತು ಎಂದು ನನಗೆ ಅನ್ನಿಸುತ್ತದೆ. ಅದೇ ಸಂಜೆಗಳು ಇಂಗ್ಲೆಂಡಿಗೆ ಪಂದ್ಯಗಳನ್ನು ಗೆದ್ದುಕೊಟ್ಟವು ಎಂಬುದೂ ಅಷ್ಟೇ ನಿಜ.

1999ರ ಫೆಬ್ರವರಿ 20ರಂದು ಸ್ಕಾಟ್ಲೆಂಡ್ ವಿರುದ್ಧ ಅವನು ಒಳ ಸೆಂಟರ್ ಆಗಿ, ಆರಂಭದಿಂದಲೇ, ಇಂಗ್ಲೆಂಡ್ ಪರ ಆಡಿದ. ಈ ಪಂದ್ಯಕ್ಕೆ ನಮ್ಮ ದೇಶದ ನಂಟಿದೆ, ಹೇಳದೇ ಇರಲಾರೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸೆಣಸುವುದು ಕಲ್ಕತ್ತಾ ಕಪ್‌ಗಾಗಿ. 1870ರ ದಶಕದಲ್ಲಿ ಕಲ್ಕತ್ತೆಯಲ್ಲಿದ್ದ ಬ್ರಿಟಿಷರು ಕಟ್ಟಿದ ರಗ್ಬಿ ಕ್ಲಬ್ ಮುಚ್ಚಿಹೋದಾಗ, ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಬಟ್ಟಲು ಅದು. ಅದರ ಮೂರು ಹಿಡಿಗಳು ಹೆಡೆಯೆತ್ತಿದ ನಾಗರಹಾವುಗಳು, ಮುಚ್ಚಳದ ಮೇಲೊಂದು ಆನೆ. ನಮ್ಮ ಅಕ್ಕಸಾಲಿಗರ ಕುಸುರಿಗೆ ಆ ಚಳಿಯ ನಾಡಿನಲ್ಲಿ ಪ್ರತಿವರ್ಷ ಹದಿನೈದು ಹದಿನೈದು ಜನ ಕೆಸರಿನಲ್ಲಿ ಹೊರಳುತ್ತಾರೆ. ಆ ದಿನ ಎರಡೂ ತಂಡಗಳು ಮೂರು ಮೂರು ಟ್ರೈ ಗಳಿಸಿದವು. ಇಂಗ್ಲೆಂಡ್ ಗೆದ್ದದ್ದು 24-21ರಿಂದ. ಮೂರು ಕನ್ವರ್ಷನ್, ಒಂದು ಪೆನಾಲ್ಟಿ, ಎಲ್ಲವೂ ವಿಲ್ಕಿನ್ಸನ್‌ನ ಕಾಲಿನವು.

ಮಾರ್ಚ್ 20ರಂದು ಫ್ರಾನ್ಸ್ ವಿರುದ್ಧ 21-10. ಏಳು ಪೆನಾಲ್ಟಿ, ಇಪ್ಪತ್ತೊಂದು ಅಂಕ, ಇಂಗ್ಲೆಂಡಿನ ಅಂಕಗಳಲ್ಲಿ ಬೇರೆಯವರ ಪಾಲು ಇರಲಿಲ್ಲ. ಏಪ್ರಿಲ್ 11ರಂದು ವೆಂಬ್ಲಿಯಲ್ಲಿ ವೇಲ್ಸ್ ವಿರುದ್ಧ ಇಂಗ್ಲೆಂಡ್ 31-25ರಿಂದ ಮುಂದಿತ್ತು. ಪಂದ್ಯದ ಕಡೆಯ ಗಳಿಗೆಯಲ್ಲಿ ಸ್ಕಾಟ್ ಗಿಬ್ಸ್ ನುಗ್ಗಿ ಟ್ರೈ ಗಳಿಸಿದ, ನೀಲ್ ಜೆಂಕಿನ್ಸ್ ಕನ್ವರ್ಷನ್ ಒದ್ದು 32-31 ಮಾಡಿದ. ಒಂದು ಅಂಕದಿಂದ ಪಂದ್ಯವೂ ಹೋಯಿತು, ಆ ವರ್ಷದ ಐದು ದೇಶಗಳ ಪಂದ್ಯಾವಳಿಯ (ಫೈವ್ ನೇಷನ್ಸ್) ಪ್ರಶಸ್ತಿಯೂ ಹೋಯಿತು.

ಅದೇ ವರ್ಷ ವಿಶ್ವಕಪ್. ಅಕ್ಟೋಬರ್ 2ರಂದು ಇಟಲಿ ವಿರುದ್ಧ 10ನೇ ಅಂಗಿಯಲ್ಲಿ 32 ಅಂಕ, ಅದರಲ್ಲೊಂದು ಟ್ರೈ. ಆದರೆ ನ್ಯೂಜಿಲೆಂಡ್ ಎದುರು ತಂಡ ಸೋತಿತು. ಪ್ಯಾರಿಸ್‌ನ ಕ್ವಾರ್ಟರ್ ಫೈನಲ್‌ಗೆ ವುಡ್‌ವರ್ಡ್ ಅನುಭವಿ ಪಾಲ್ ಗ್ರೇಸನ್ ಅವರನ್ನು ಆರಿಸಿ, ವಿಲ್ಕಿನ್ಸನ್‌ನನ್ನು ಬೆಂಚಿನಲ್ಲಿ ಕೂರಿಸಿದರು. ದಕ್ಷಿಣ ಆಫ್ರಿಕಾದ ಯಾನಿ ಡಿ ಬೀರ್ ಆ ದಿನ ಐದು ಡ್ರಾಪ್ ಗೋಲ್ ಒದ್ದು ಇಂಗ್ಲೆಂಡನ್ನು 44-21ರಿಂದ ಮನೆಗೆ ಕಳಿಸಿದ. ಹುಡುಗ ಅದರಲ್ಲಿ ಬಹುಪಾಲನ್ನು ಗೆರೆಯ ಆಚೆ ಕುಳಿತು ನೋಡಿದ. ಆಟ ನಿಲ್ಲುವವರೆಗೆ ಕಾಯದೆ, ನೂಕುನುಗ್ಗಲಿನ ನಡುವೆಯೇ ಹೀಗೆ ಮೂರು ಮೂರು ಅಂಕ ಎತ್ತಬಹುದು ಎಂಬುದು ಅವನಿಗೆ ಹೊಸ ಸುದ್ದಿಯೇನೂ ಆಗಿರಲಿಲ್ಲ. ಆದರೂ ವಿಶ್ವಕಪ್ಪೊಂದು ಅದರಿಂದಲೇ ಕೈಜಾರಿ ಹೋಗುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ವ್ಯರ್ಥವಾಗಲಿಲ್ಲ. 2003ರ ನವೆಂಬರ್ 22ರಂದು ಸಿಡ್ನಿಯಲ್ಲಿ, ವಿಶ್ವಕಪ್ ಫೈನಲ್‌ನ ಹೆಚ್ಚುವರಿ ಸಮಯದ ಕೊನೆಯ ಅರ್ಧ ನಿಮಿಷದಲ್ಲಿ ಅವನು ಆಸ್ಟ್ರೇಲಿಯಾ ವಿರುದ್ಧ ಒದ್ದು ಗೆದ್ದದ್ದೂ ಡ್ರಾಪ್ ಗೋಲ್‌ನಿಂದಲೇ, ಅದೂ ಕತ್ತಲಾಗುವವರೆಗೆ ಪಳಗಿಸಿದ ಆ ಬಲಗಾಲಿನಿಂದ. ಅದು ಎಲ್ಲರಿಗೂ ಗೊತ್ತಿರುವ ಕಥೆ, ಅಲ್ಲಿಗೆ ನಾನು ಹೋಗುವುದಿಲ್ಲ.

ಕಾಲಿನ ಮಾತೇ ಆಯಿತು, ಭುಜದ ಮಾತೂ ಸ್ವಲ್ಪ ಬೇಕು. ಫ್ಲೈ-ಹಾಫ್‌ಗಳು ಎದುರಾಳಿಯ ಮೈಮೇಲೆ ಬಿದ್ದು ತಡೆಯುವ ಕೆಲಸವನ್ನು ಉಳಿದವರಿಗೆ ಬಿಟ್ಟು ತಾವು ಹಿಂದೆ ನಿಲ್ಲುವುದು ಆಗಿನ ವಾಡಿಕೆ. ವಿಲ್ಕಿನ್ಸನ್ ಆ ವಾಡಿಕೆ ಪಾಲಿಸಲಿಲ್ಲ. 2000ದ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಎಮಿಲ್ ಎನ್ಟಮಾಕ್ ಎಂಬ ಎತ್ತರದ, ಭಾರಿ ಆಳನ್ನು ಅವನು ಎದೆಗೆ ಭುಜ ಕೊಟ್ಟು ಹಿಂದಕ್ಕೆ ಎತ್ತಿ ಕೆಡವಿದ ದೃಶ್ಯವನ್ನು ನೋಡಿದವರು ಮರೆಯುವುದಿಲ್ಲ. ಆ ಪಂದ್ಯವನ್ನು ಇಂಗ್ಲೆಂಡ್ 15-9ರಿಂದ ಗೆದ್ದಿತು, ಐದೂ ಪೆನಾಲ್ಟಿ ಅವನದೇ. ಆದರೆ ಈ ಧೈರ್ಯಕ್ಕೆ ಮೈ ಬೆಲೆ ತೆರಬೇಕಾಯಿತು. 2003ರ ಫೈನಲ್ ಆದ ಮೇಲೆ ಒಂದರ ಹಿಂದೆ ಒಂದು ಗಾಯಗಳಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಅವನು ಇಂಗ್ಲೆಂಡಿಗೆ ಆಡಲಾಗಲಿಲ್ಲ.

ಇನ್ನು ಬ್ಲೂಮ್‌ಫಾಂಟೇನ್. ಒಂದು ವಾರ ಮುಂಚೆ ಪ್ರಿಟೋರಿಯಾದ ಮೊದಲ ಟೆಸ್ಟ್ ಹೊತ್ತಿಗೆ ವಿಲ್ಕಿನ್ಸನ್ ಅನಾರೋಗ್ಯದಿಂದ ಹೊರಗುಳಿದಿದ್ದ, ಇಂಗ್ಲೆಂಡ್ 18-13ರಿಂದ ಸೋತಿತ್ತು. ಬ್ಲೂಮ್‌ಫಾಂಟೇನ್ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಆದ್ದರಿಂದ ಒದ್ದ ಚೆಂಡು ಇಂಗ್ಲೆಂಡಿನ ಒದ್ದೆ ಹವೆಯಲ್ಲಿ ಹೋಗುವುದಕ್ಕಿಂತ ದೂರ ಹೋಗುತ್ತದೆ, ಆದರೆ ಓಡುವವನ ಉಸಿರು ಬೇಗ ಕಟ್ಟುತ್ತದೆ. ಎಂಟು ಪೆನಾಲ್ಟಿ, ಒಂದು ಡ್ರಾಪ್ ಗೋಲ್. ಒಂಬತ್ತು ಸಲ ಚೆಂಡು ಅಡ್ಡಪಟ್ಟಿ ದಾಟಿತು. ತಂಡ ಟ್ರೈ ಗಳಿಸದೆ, ದಕ್ಷಿಣ ಆಫ್ರಿಕಾವನ್ನು ಅವರದೇ ನೆಲದಲ್ಲಿ ಸೋಲಿಸಿತು.

ಬ್ರಿಸ್ಬೇನ್‌ನಲ್ಲಿ ಆಡಿದವನಿಗೂ ಇವನಿಗೂ ಎರಡೇ ವರ್ಷದ ಅಂತರ. ಅಷ್ಟರಲ್ಲಿ ನ್ಯೂಕ್ಯಾಸಲ್‌ನಲ್ಲಿ ರಾಬ್ ಆಂಡ್ರ್ಯೂ ಆಟ ನಿಲ್ಲಿಸಿ 10ನೇ ಅಂಗಿಯನ್ನು ಇವನಿಗೆ ಬಿಟ್ಟುಕೊಟ್ಟಿದ್ದರು. ಆಂಡ್ರ್ಯೂ ಅವರ ಹೆಸರಿನಲ್ಲಿ ಇನ್ನೊಂದು ವಸ್ತು ಉಳಿದಿತ್ತು. ಇಂಗ್ಲೆಂಡ್ ಪರ 71 ಟೆಸ್ಟ್‌ಗಳಲ್ಲಿ ಅವರು ಕೂಡಿಸಿದ್ದ 396 ಅಂಕ, ದೇಶದ ದಾಖಲೆ. ವಾರವೆಲ್ಲ ನೌಕರಿ ಮಾಡಿ ಶನಿವಾರ ಆಡುತ್ತಿದ್ದ ಕಾಲದ ಗಳಿಕೆ ಅದು. 2001ರ ಏಪ್ರಿಲ್ 7ರಂದು ಟ್ವಿಕನ್‌ಹ್ಯಾಮ್‌ನಲ್ಲಿ ಫ್ರಾನ್ಸ್ ವಿರುದ್ಧ ಇಂಗ್ಲೆಂಡ್ 48-19ರಿಂದ ಗೆದ್ದ ಪಂದ್ಯದಲ್ಲಿ ವಿಲ್ಕಿನ್ಸನ್ ಆ ಮೊತ್ತವನ್ನು ದಾಟಿದ. ಅವನಿಗೆ ಇಪ್ಪತ್ತೆರಡು ತುಂಬಲು ಇನ್ನೂ ಏಳು ವಾರ ಬಾಕಿ ಇತ್ತು. ಕ್ಲಬ್ಬಿನಲ್ಲಿ ಅವನ ಮೇಲಧಿಕಾರಿ ಆಗಲೂ ಆಂಡ್ರ್ಯೂ ಅವರೇ.